ಪುಣೆಯಲ್ಲಿ ಬೈಕ್: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದ ಕಡೆಯವನು. ಪುಣೆಗೆ ಬಂದು 19 ವರ್ಷ ಆಯಿತು. ಮನೆ ಕೋಥರೂಡ್‌ನಲ್ಲಿ, ಕೆಲಸ ಚಾಕಣ್‌ನಲ್ಲಿ, ಓಡಾಟವೆಲ್ಲ ಬೈಕ್ ಮೇಲೆ. ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಹೊರಗೆ ಬಂದರೆ ಗಾಡಿಗಳ ಪಕ್ಕದಲ್ಲೇ ಅರ್ಧ ಗಂಟೆ ಮಾತು ನಡೆಯುತ್ತದೆ. ಊರಿಂದ ಹೊಸದಾಗಿ ಬಂದ ಹುಡುಗರು, ಅವರ ಅಪ್ಪ ಅಮ್ಮ, ಹೋಟೆಲ್ ಕೆಲಸದವರು, ಐಟಿಯ ಹೆಣ್ಣುಮಕ್ಕಳು, ಎಲ್ಲರೂ ಸುಮಾರು ಇವೇ ಪ್ರಶ್ನೆ ಕೇಳುತ್ತಾರೆ. ಆದಷ್ಟು ಅವರ ಮಾತಿನಲ್ಲೇ ಬರೆದಿದ್ದೇನೆ. ನನ್ನ ಉತ್ತರಗಳ ಹಿಂದೆ ಇರುವುದು ಒಂದೇ ಯೋಚನೆ. ದುಡ್ಡು ಮೊದಲು ಟೈರ್, ಬ್ರೇಕ್, ಹೆಲ್ಮೆಟ್‌ಗೆ ಹೋಗಬೇಕು. ಸಿಸಿ, ಬಣ್ಣ, ಸೈಲೆನ್ಸರ್ ಸದ್ದು ಎಲ್ಲ ಆಮೇಲೆ.

## ಕೊಳ್ಳುವ ಮುಂಚೆ

ಕಾಕಾ, ಈಗಷ್ಟೇ ನೌಕರಿ ಸಿಕ್ಕೈತಿ. ಹಿಂಜವಡಿಗೆ ಹೋಗಿ ಬರಾಕ ಯಾವ ಗಾಡಿ ತಗೊಳ್ಳಲಿ?

ಗಾಡಿ ಹೆಸರು ಹೇಳುವ ಮುಂಚೆ ನಾನು ಮೂರು ಮಾತು ಕೇಳುತ್ತೇನೆ. ದಿನಾ ಎಷ್ಟು ದೂರ? ಹಿಂದೆ ಯಾರಾದರೂ ಕೂರುತ್ತಾರಾ? ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ?

ವಾಕಡ್‌ನಿಂದ ಹಿಂಜವಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹೆಚ್ಚಿನ ದಾರಿ ಒಂದು, ಎರಡನೇ ಗೇರಿನಲ್ಲೇ ಕಳೆಯುತ್ತದೆ. ಅಲ್ಲಿ 350 ಸಿಸಿ ಇಂಜಿನ್‌ಗೆ ಕೆಲಸವೇ ಇಲ್ಲ. ಕ್ಲಚ್ ಹಿಡಿದು ಹಿಡಿದು ಎಡಗೈ ಸೋಲುತ್ತದೆ, ಅಷ್ಟೇ. ಆ ಓಡಾಟಕ್ಕೆ 100ರಿಂದ 125 ಸಿಸಿ ಸಾಕು. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆಜಿ ತೂಗುತ್ತದೆ. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350 ಸುಮಾರು 195 ಕೆಜಿ. ಸೊಸೈಟಿ ಪಾರ್ಕಿಂಗ್‌ನಲ್ಲಿ ನಾಲ್ಕು ಗಾಡಿಗಳ ನಡುವಿನಿಂದ ಹಿಂದಕ್ಕೆ ಎಳೆಯುವಾಗ ಈ 80 ಕೆಜಿ ವ್ಯತ್ಯಾಸ ದಿನಾ ಗೊತ್ತಾಗುತ್ತದೆ.

ತಿಂಗಳಿಗೊಮ್ಮೆ ಬೈಕಿನಲ್ಲೇ ಊರಿಗೆ ಹೋಗುವ ಆಲೋಚನೆ ಇದ್ದರೆ ಲೆಕ್ಕ ಬೇರೆ. ಆಗ 150ರಿಂದ 200 ಸಿಸಿ ನೋಡಿ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಇಂಜಿನ್‌ನಲ್ಲಿ ಸ್ವಲ್ಪ ದಮ್ಮು ಉಳಿದಿರಬೇಕು. ಒಂದು ಮಾತು ನೆನಪಿಡಿ: ಶೋರೂಮಿಗೆ ಹೋಗುವಾಗ ಹೆಲ್ಮೆಟ್, ಗ್ಲೌಸ್, ರೇನ್‌ಕೋಟ್ ದುಡ್ಡನ್ನು ಬೇರೆ ತೆಗೆದಿಡಿ. ಉಳಿದದ್ದರಲ್ಲಿ ಗಾಡಿ ಆರಿಸಿ.

ಬುಲೆಟ್ ತಗೊಳ್ಳೋದು ಮೊದಲಿಂದಲೂ ಆಸೆ. ಮನೇಲಿ ಬೇಡ ಅಂತಾರೆ. ನೀವೇನಂತೀರಿ?

ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಇಷ್ಟದ ಗಾಡಿಯನ್ನು ಜನ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಇದು ನಿಮ್ಮ ಮೊದಲ ಬೈಕ್ ಆಗಿದ್ದರೆ ಸ್ವಲ್ಪ ತಡೆಯಿರಿ. ಗೆಳೆಯರ ಗಾಡಿ ಎರಡು ದಿನ ಇಸ್ಕೊಳ್ಳಿ. ಇಂಜಿನ್ ಆಫ್ ಮಾಡಿ ಅದನ್ನು ಸಣ್ಣ ಏರಿನಲ್ಲಿ ತಳ್ಳಿ ನೋಡಿ. ಇಕ್ಕಟ್ಟಿನ ಪೇಠೆ ಗಲ್ಲಿಯಲ್ಲಿ ಕಾಲು ಕೆಳಗಿಡದೆ ಯೂ ಟರ್ನ್ ಹೊಡೆಯಿರಿ. ಕಾಯುವ ಸಿಗ್ನಲ್‌ನಲ್ಲಿ ತೊಡೆಗೆ ತಾಗುವ ಬಿಸಿ ಗಮನಿಸಿ. ಇಷ್ಟಾದ ಮೇಲೂ ಖುಷಿ ಅನಿಸಿದರೆ ತಗೊಳ್ಳಿ. ಮನೆಯವರ ಭಯ ಹೆಚ್ಚಾಗಿ ಸ್ಪೀಡಿನದು. ಅವರ ಮುಂದೆ ಒಳ್ಳೆಯ ಹೆಲ್ಮೆಟ್ ಮತ್ತು ಜಾಕೆಟ್ ಮೊದಲು ತಂದಿಡಿ. ನಮ್ಮ ಮನೆಯಲ್ಲಿ ಮಾತು ಬದಲಾಗಿದ್ದು ಅಲ್ಲಿಂದಲೇ.

ನಾನು 5 ಅಡಿ 1 ಇಂಚು. ಗೇರ್ ಬೈಕ್ ಓಡಿಸೋಕೆ ಆಗುತ್ತಾ? ಎಲ್ಲರೂ ಸುಮ್ನೆ ಸ್ಕೂಟರ್ ತಗೋ ಅಂತಿದ್ದಾರೆ.

ಖಂಡಿತ ಆಗುತ್ತದೆ. ಸೀಟ್ ಎತ್ತರ ನೋಡಿ: ಸ್ಪ್ಲೆಂಡರ್ ಪ್ಲಸ್ 785 ಮಿಮೀ, ಹಂಟರ್ 350 ಸುಮಾರು 790, ಕ್ಲಾಸಿಕ್ 350 ಸುಮಾರು 805. ಆದರೆ ಸಂಖ್ಯೆ ನೋಡಿ ಮಾತ್ರ ನಿರ್ಧಾರ ಮಾಡಬೇಡಿ. ಸೀಟ್ ಅಗಲವಾಗಿದ್ದರೆ ಎತ್ತರ ಕಡಿಮೆ ಇದ್ದರೂ ಕಾಲು ನೆಲ ಮುಟ್ಟುವುದಿಲ್ಲ. ಮುಂಭಾಗ ಸಪೂರ ಇರುವ ಸೀಟ್ ನಿಮಗೆ ಹೊಂದುತ್ತದೆ.

ಎರಡೂ ಪಾದ ಪೂರ್ತಿ ಊರಬೇಕಿಲ್ಲ. ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಿದರೆ ಸಾಕು. ನಿಲ್ಲುವಾಗ ಎಡಗಾಲು ಕೆಳಗೆ, ಬಲಗಾಲು ಬ್ರೇಕ್ ಮೇಲೆ. ಇದನ್ನು ಖಾಲಿ ಮೈದಾನದಲ್ಲಿ ಒಂದು ಭಾನುವಾರ ಅಭ್ಯಾಸ ಮಾಡಿ. ದಪ್ಪ ಸೋಲ್ ಇರುವ ಶೂ ಹಾಕಿಕೊಂಡರೆ ಒಂದಿಂಚು ಲಾಭ. ಎತ್ತರ ಕಡಿಮೆ ಮಾಡಲು ಶಾಕ್ ಅಬ್ಸಾರ್ಬರ್ ಬದಲಾಯಿಸುವ ಸಲಹೆ ಕೊಡುವವರು ಸಿಗುತ್ತಾರೆ. ಒಪ್ಪಬೇಡಿ. ತಿರುವಿನಲ್ಲಿ ಗಾಡಿ ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ.

ಎಬಿಎಸ್ ಇರಲೇಬೇಕಾ? ಅದಿಲ್ಲದ ಹಳೆ ಮಾಡೆಲ್ ಕಡಿಮೆ ಬೆಲೆಗೆ ಸಿಗ್ತಿದೆ.

ಗಾಬರಿಯಲ್ಲಿ ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರತೊಡಗುತ್ತದೆ. ಎಬಿಎಸ್ ಅದನ್ನು ಮೊದಲೇ ಗುರುತಿಸಿ, ಬ್ರೇಕ್ ಒತ್ತಡವನ್ನು ಕ್ಷಣದಲ್ಲಿ ಬಿಟ್ಟು ಹಿಡಿದು ಮಾಡುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ಹ್ಯಾಂಡಲ್ ನಿಮ್ಮ ಮಾತು ಕೇಳುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಇದು ಕಡ್ಡಾಯವಾಯಿತು. ಆಗ ಸಣ್ಣ ಗಾಡಿಗಳಿಗೆ ಸಿಬಿಎಸ್ ಬಂತು. ಅದರಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ.

ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಕಡೆ ಇದ್ದುಕೊಂಡು ಇದರಲ್ಲಿ ಉಳಿತಾಯ ಮಾಡಬಾರದು. ಬೇಕಿದ್ದರೆ ಅಲಾಯ್ ವೀಲ್ ಬಿಡಿ, ಬ್ಲೂಟೂತ್ ಮೀಟರ್ ಬಿಡಿ.

ಸಿಎನ್‌ಜಿ ಬೈಕ್, ಎಲೆಕ್ಟ್ರಿಕ್ ಗಾಡಿ ಹೇಗೆ?

ಬಜಾಜ್ ಫ್ರೀಡಮ್ 125 ಬಿಡುಗಡೆಯಾಗಿದ್ದು ನಮ್ಮ ಪುಣೆಯಲ್ಲೇ, 2024ರ ಜುಲೈನಲ್ಲಿ. 2 ಕೆಜಿ ಸಿಎನ್‌ಜಿ, ಜೊತೆಗೆ 2 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ದಿನಾ ಜಾಸ್ತಿ ಓಡುವವರಿಗೆ ಲಾಭ. ಆದರೆ ನಿಮ್ಮ ದಾರಿಯ ಸಿಎನ್‌ಜಿ ಬಂಕಿನ ಸಾಲು ಎಷ್ಟು ಉದ್ದ ಅಂತ ಒಂದು ವಾರ ನೋಡಿ ಆಮೇಲೆ ನಿರ್ಧರಿಸಿ. ಎಲೆಕ್ಟ್ರಿಕ್ ಆದರೆ ಸೊಸೈಟಿಯವರಿಂದ ಚಾರ್ಜಿಂಗ್ ಪಾಯಿಂಟ್‌ಗೆ ಒಪ್ಪಿಗೆ ಮೊದಲು, ಬುಕಿಂಗ್ ಆಮೇಲೆ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಾಕ ಬರ್ತೀರೇನ್ರಿ? ನನಗ ಏನೂ ತಿಳಿಯಂಗಿಲ್ಲ.

ಕರೆದರೆ ಬರುತ್ತೇನೆ. ನಾನು ಏನು ನೋಡುತ್ತೇನೆ ಅಂತ ಗೊತ್ತಿದ್ದರೆ ನೀವೇ ನೋಡಬಹುದು.

ಬೆಳಿಗ್ಗೆ ಹೋಗಿ. "ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ" ಅಂತ ಮೊದಲೇ ಹೇಳಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗುವ ರೀತಿಯಲ್ಲೇ ಅರ್ಧ ಕಥೆ ಗೊತ್ತಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಖರ್ಚು ಕಾದಿದೆ. ಮುಂದಿನ ಫೋರ್ಕ್ ರಾಡಿನ ಮೇಲೆ ಎಣ್ಣೆ ಜಿಡ್ಡಿದ್ದರೆ ಆಯಿಲ್ ಸೀಲ್ ಹೋಗಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನಕ್ಕೆ ಎರಡೂ ಕಡೆ ತಿರುಗಿಸಿ. ನಡುವೆ ಒಂದು ಕಡೆ ಸಿಕ್ಕಿಕೊಂಡಂತೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಸವೆದಿದೆ. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಪೂರ್ತಿ ಬದಲಿಸಬೇಕು. ಲೆಗ್ ಗಾರ್ಡ್, ಫುಟ್‌ರೆಸ್ಟ್ ತುದಿ, ಹ್ಯಾಂಡಲ್ ತುದಿಯಲ್ಲಿ ಉಜ್ಜಿದ ಗುರುತಿದ್ದರೆ ಗಾಡಿ ಬಿದ್ದಿದೆ. ಬಿದ್ದದ್ದೇ ದೊಡ್ಡ ತಪ್ಪಲ್ಲ. ಮಾರುವವರು ಅದನ್ನು ಮುಚ್ಚಿಡುತ್ತಿದ್ದಾರಾ ಅನ್ನುವುದನ್ನು ನೋಡಿ.

ಆಮೇಲೆ ಕಾಗದ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುವಂತೆಯೇ ಇರಬೇಕು. ಸಾಲದ ಮೇಲೆ ತಗೊಂಡ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೇಳಿ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ. ಬಾಕಿ ಚಲನ್ ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕಿದರೆ ತೋರಿಸುತ್ತದೆ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್, ಹಾಕಿಸಿದ್ದಾರಾ ನೋಡಿ. ಹೆಸರು ವರ್ಗಾವಣೆ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸಂಬಂಧಿಕರಾದರೂ ಸರಿ.

## ಕಾಗದ ಪತ್ರ

ಕೆಎ ನಂಬರ್ ಗಾಡಿ ಪುಣೆಯಲ್ಲಿ ಎಷ್ಟು ದಿನ ಓಡಿಸಬಹುದು? ಟ್ರಾಫಿಕ್‌ನವರು ಹಿಡಿತಾರಂತಲ್ಲ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಮುಂಚೆ ನಂಬರ್ ನೋಡಿ ಮಾತ್ರ ಯಾರೂ ದಂಡ ಹಾಕುವಂತಿಲ್ಲ. ಆದರೆ ನೀವು ಯಾವಾಗ ಬಂದಿರಿ ಅನ್ನುವುದಕ್ಕೆ ಏನಾದರೂ ದಾಖಲೆ ಇಟ್ಟುಕೊಳ್ಳಿ. ಬಾಡಿಗೆ ಕರಾರು, ನೌಕರಿ ಸೇರಿದ ಪತ್ರ, ಯಾವುದಾದರೂ ಆದೀತು.

ನಂಬರ್ ಬದಲಿಸಲು ಮೊದಲ ಹೆಜ್ಜೆ ಊರಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ. ಅದನ್ನು ತಂದು ಇಲ್ಲಿ ಮಹಾರಾಷ್ಟ್ರದ ತೆರಿಗೆ ಕಟ್ಟಬೇಕು. ಪುಣೆ ಊರೊಳಗಿನವರಿಗೆ ಎಂಎಚ್ 12, ಪಿಂಪ್ರಿ ಚಿಂಚವಡ ಕಡೆಯವರಿಗೆ ಎಂಎಚ್ 14 ಬರುತ್ತದೆ. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಬಹಳ ಜನ ಈ ದುಡ್ಡು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಊರಿಗೆ ಹೋಗುವ ರಜೆಯಲ್ಲಿ ಅರ್ಜಿ ಕೊಟ್ಟು ಬನ್ನಿ.

ಸರ್ಕಾರಿ ನೌಕರರಿಗೆ, ಇಲ್ಲವೇ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ 2021ರಿಂದ ಬಿಎಚ್ (ಭಾರತ್) ಸರಣಿಯ ನಂಬರ್ ಸಿಗುತ್ತದೆ, ರಾಜ್ಯ ಬದಲಾದರೂ ಅದನ್ನು ಬದಲಿಸಬೇಕಿಲ್ಲ. ವರ್ಗಾವಣೆ ಆಗುತ್ತಿರುವವರು ಹೊಸ ಗಾಡಿಗೆ ಅದನ್ನೇ ಕೇಳಿ. ಇನ್ನು ಲೈಸೆನ್ಸ್ ಚಿಂತೆ ಬೇಡ. ಕರ್ನಾಟಕದ್ದು ದೇಶಕ್ಕೆಲ್ಲ ನಡೆಯುತ್ತದೆ.

ಊರಲ್ಲಿರೋ ಬೈಕನ್ನ ರೈಲಲ್ಲಿ ತರಿಸಬಹುದಾ?

ತರಿಸಬಹುದು. ನೀವೂ ಅದೇ ರೈಲಿನಲ್ಲಿ ಬಂದರೆ ಲಗೇಜ್, ಗಾಡಿ ಮಾತ್ರ ಬಂದರೆ ಪಾರ್ಸೆಲ್. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಇರಬೇಕು. ಹೆಡ್‌ಲೈಟ್, ಇಂಡಿಕೇಟರ್, ಟ್ಯಾಂಕ್‌ಗೆ ಹಳೆ ಗೋಣಿ ಚೀಲ ದಪ್ಪಗೆ ಸುತ್ತಿಸಿ. ಕನ್ನಡಿ ಬಿಚ್ಚಿ ನಿಮ್ಮ ಬ್ಯಾಗಿನಲ್ಲಿ ತನ್ನಿ. ಇಳಿಸಿಕೊಂಡ ಮೇಲೆ ಪುಣೆ ಸ್ಟೇಷನ್‌ನಿಂದ ಬಂಕಿನವರೆಗೆ ತಳ್ಳಬೇಕಾಗುತ್ತದೆ. ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ.

## ಮೈಮೇಲೆ ಹಾಕುವುದು

ಹೆಲ್ಮೆಟ್ ಯಾವುದು ಒಳ್ಳೇದು? ರಸ್ತೆ ಬದಿ 400 ರೂಪಾಯಿಗೂ ಸಿಗುತ್ತೆ, ಅಂಗಡೀಲಿ 4,000ಕ್ಕೂ ಇದೆ. ಏನು ವ್ಯತ್ಯಾಸ?

ಇದೊಂದಕ್ಕೆ ಉದ್ದ ಉತ್ತರ ಕೊಡುತ್ತೇನೆ.

ಹೆಲ್ಮೆಟ್‌ನ ಹೊರಗಿನ ಚಿಪ್ಪಿನ ಒಳಗೆ ಥರ್ಮಾಕೋಲ್‌ನಂಥ ಗಟ್ಟಿ ಪದರ ಇರುತ್ತದೆ. ತಲೆ ನೆಲಕ್ಕೆ ಬಡಿದಾಗ ಆ ಪದರ ಜಜ್ಜಿಹೋಗುತ್ತದೆ. ಅದು ಜಜ್ಜಿಹೋಗುವ ಆ ಕ್ಷಣದಲ್ಲಿ ಮಿದುಳಿಗೆ ಹೋಗಬೇಕಾದ ಪೆಟ್ಟು ಕಡಿಮೆಯಾಗುತ್ತದೆ. ಕೆಲಸ ಮಾಡುವುದು ಆ ಪದರವೇ. ರಸ್ತೆ ಬದಿಯ ಟೋಪಿಗಳಲ್ಲಿ ಹೆಚ್ಚಾಗಿ ಅದರ ಬದಲು ತೆಳು ಸ್ಪಂಜು ಇರುತ್ತದೆ. ಬೆರಳಿಂದ ಒತ್ತಿದರೆ ಗೊತ್ತಾಗುತ್ತದೆ.

2021ರ ಜೂನ್ 1ರಿಂದ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಮಾಣ ಇಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಅಂತ ಬರೆದಿರಬೇಕು. ಕೆಲವು ಹೆಲ್ಮೆಟ್‌ಗಳಿಗೆ ಯುರೋಪಿನ ಇಸಿಇ 22.06 ಪ್ರಮಾಣವೂ ಇರುತ್ತದೆ. ಅದು ಇನ್ನೂ ಕಠಿಣ ಪರೀಕ್ಷೆ. ಕೈಯಲ್ಲಿ ದುಡ್ಡಿದ್ದರೆ ಅದನ್ನು ತಗೊಳ್ಳಿ. 4,000 ಆಗದಿದ್ದರೆ ನಿಜವಾದ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ಅರ್ಧ ಹೆಲ್ಮೆಟ್ ಮಾತ್ರ ಬೇಡ. ಬಿದ್ದವರಲ್ಲಿ ಗದ್ದ, ಹಲ್ಲು ಒಡೆದುಕೊಂಡವರನ್ನು ನಾನು ನೋಡಿದ್ದೇನೆ.

ಅಳತೆ ಸರಿ ಇದೆಯಾ ಅಂತ ನೋಡುವುದು ಹೀಗೆ. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು. ಪಟ್ಟಿ ಬಿಗಿದು ತಲೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಹಿಂದಿನಿಂದ ಎತ್ತಿದರೆ ಕಳಚಬಾರದು. ಹತ್ತು ನಿಮಿಷ ಅಂಗಡಿಯಲ್ಲೇ ಹಾಕಿಕೊಂಡು ನಿಲ್ಲಿ. ಹಣೆ ನೋಯತೊಡಗಿದರೆ ಆ ಆಕಾರ ನಿಮ್ಮ ತಲೆಗೆ ಹೊಂದುವುದಿಲ್ಲ.

ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು. ಪಟ್ಟಿ ಹಾಕದೆ ಸುಮ್ನೆ ತಲೆ ಮೇಲೆ ಇಟ್ಟುಕೊಂಡು ಹೋಗುವವರು ಪುಣೆಯಲ್ಲಿ ಬಹಳ. ಬಿದ್ದಾಗ ಮೊದಲು ಹಾರುವುದೇ ಆ ಹೆಲ್ಮೆಟ್.

ಏಪ್ರಿಲ್ ಬಿಸಿಲಲ್ಲಿ ಜಾಕೆಟ್ ಹೇಗೆ ಹಾಕೋದು? ಸಿಟಿಯಲ್ಲಿ ಅಷ್ಟೆಲ್ಲ ಬೇಕಾ?

ಮೆಶ್ (ಜಾಲರಿ ಬಟ್ಟೆಯ) ಜಾಕೆಟ್ ನೋಡಿ. ಓಡುವಾಗ ಗಾಳಿ ಒಳಗೆ ಬರುತ್ತದೆ. ಭುಜ, ಮೊಣಕೈಯಲ್ಲಿ ಯುರೋಪಿನ ಸಿಇ ಗುರುತಿನ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ಇರಲಿ. ಲೆವೆಲ್ 1, ಲೆವೆಲ್ 2 ಅಂತ ಬರೆದಿರುತ್ತಾರೆ. 2 ಇನ್ನೂ ಜಾಸ್ತಿ ಪೆಟ್ಟು ತಡೆಯುತ್ತದೆ. ಬೆನ್ನಿನ ಜೇಬಿನಲ್ಲಿ ಹಲವರು ಬರೀ ಸ್ಪಂಜು ಹಾಕಿ ಕೊಟ್ಟಿರುತ್ತಾರೆ, ತೆಗೆದು ನೋಡಿ.

ಜಾಕೆಟ್ ಈಗ ಆಗದಿದ್ದರೆ ಗ್ಲೌಸ್ ಮತ್ತು ಕಾಲಿನ ಮಣಿಗಂಟು ಮುಚ್ಚುವ ಶೂ ಇಂದೇ ತಗೊಳ್ಳಿ. ಬೀಳುವಾಗ ಯಾರಾದರೂ ಮೊದಲು ಊರುವುದು ಅಂಗೈ. ಅಂಗೈ ಸುಲಿದರೆ ತಿಂಗಳುಗಟ್ಟಲೆ ಊಟವೂ ಕಷ್ಟ. ಚಪ್ಪಲಿ ಹಾಕಿಕೊಂಡು ಗೇರ್ ಗಾಡಿ ಬೇಡ.

ಹೆಂಡತಿ ಸೀರೆ ಉಟ್ಟು ಹಿಂದೆ ಕೂರ್ತಾಳೆ, ಮಗು ಮೂರು ವರ್ಷದ್ದು. ಏನು ಜಾಗ್ರತೆ ಬೇಕು?

ಶೋಗೆ ಅಂತ ಸಾರಿ ಗಾರ್ಡ್ ಬಿಚ್ಚಿಸುತ್ತಾರಲ್ಲ, ಆ ತಪ್ಪು ಮಾಡಬೇಡಿ. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮುಚ್ಚುವ ರಕ್ಷಣೆ, ಹಿಂದೆ ಕೂರುವವರಿಗೆ ಹಿಡಿ ಮತ್ತು ಫುಟ್‌ರೆಸ್ಟ್, ಇವು ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇವೆ. ಸೆರಗು, ದುಪ್ಪಟ್ಟಾ ಚಕ್ರಕ್ಕೆ ಸಿಕ್ಕರೆ ಕೂಗುವಷ್ಟೂ ಸಮಯ ಸಿಗುವುದಿಲ್ಲ. ಹೊರಡುವ ಮುಂಚೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ, ನೀವೇ ಒಮ್ಮೆ ತಿರುಗಿ ನೋಡಿ. ಒಂದೇ ಕಡೆ ಕಾಲು ಹಾಕಿ ಕೂರುವುದಕ್ಕಿಂತ ಎರಡೂ ಕಡೆ ಕಾಲು ಹಾಕಿ ಕೂತರೆ ಗಾಡಿ ತೂಕ ಸಮ ಇರುತ್ತದೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ.

9 ತಿಂಗಳಿಂದ 4 ವರ್ಷದೊಳಗಿನ ಮಗುವಿಗೆ 2023ರ ಫೆಬ್ರುವರಿಯಿಂದ ಬೇರೆ ನಿಯಮ ಇದೆ. ಮಗುವಿನ ಅಳತೆಯ ಹೆಲ್ಮೆಟ್, ಓಡಿಸುವವರ ಮೈಗೆ ಮಗುವನ್ನು ಕಟ್ಟುವ ಬೆಲ್ಟ್, ಗಂಟೆಗೆ 40 ಕಿಮೀ ಮೀರದ ವೇಗ. ಕಾನೂನಿನ ಪ್ರಕಾರ ಓಡಿಸುವವರ ಹಿಂದೆ ಒಬ್ಬರೇ ಕೂರಬೇಕು. ಮೂವರೂ ಹೋಗಬೇಕಾದಾಗ ರಿಕ್ಷಾ ಹಿಡಿಯಿರಿ. ಟ್ಯಾಂಕ್ ಮೇಲೆ ಮಗು ಕೂರಿಸುವುದನ್ನು ನೋಡಿದಾಗೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಬ್ರೇಕ್ ಒತ್ತಿದಾಗ ಆ ಮಗುವಿಗೆ ಹ್ಯಾಂಡಲ್ ಬಿಟ್ಟರೆ ಬೇರೆ ಆಸರೆ ಇಲ್ಲ.

## ಗಾಡಿ ನೋಡಿಕೊಳ್ಳುವುದು

ಟೈರ್ ಯಾವಾಗ ಬದಲಿಸಬೇಕು? ಗಾಳಿ ಎಷ್ಟು ಹಾಕಿಸಬೇಕು?

ಗಾಳಿ ಎಷ್ಟು ಅನ್ನುವುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ಕಬ್ಬಿಣದ ತೋಳು) ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಒಬ್ಬರಿದ್ದರೆ ಒಂದು, ಇಬ್ಬರಿದ್ದರೆ ಇನ್ನೊಂದು. ವಾರಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಿ. "40 ಹಾಕಿಬಿಡಿ, ಮೈಲೇಜ್ ಬರುತ್ತೆ" ಅನ್ನುವವರ ಮಾತು ಕೇಳಬೇಡಿ. ಗಾಳಿ ಹೆಚ್ಚಾದರೆ ಟೈರ್ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ.

ಟೈರಿನ ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಪಕ್ಕದಲ್ಲಿ ಟಿಡಬ್ಲ್ಯೂಐ ಅಥವಾ ತ್ರಿಕೋನದ ಗುರುತು. ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಸವೆದರೆ ಟೈರ್ ಮುಗಿಯಿತು. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಹೊಸ ಟೈರ್ ತಗೊಳ್ಳುವಾಗ ಇದನ್ನು ಓದಿ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ರಬ್ಬರ್ ಗಟ್ಟಿಯಾಗಿರುತ್ತದೆ.

ಇಂಜಿನ್ ಆಯಿಲ್ ಯಾವುದಾದರೂ ಆಗುತ್ತಾ? ಕಾರಿನದು ಮನೆಯಲ್ಲಿ ಉಳಿದಿದೆ.

ಬೇಡ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ನಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಬೆರೆಸಿರುತ್ತಾರೆ. ಅದು ಬಿದ್ದರೆ ಕ್ಲಚ್ ಜಾರುತ್ತದೆ. ಡಬ್ಬಿ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು. ಆಯಿಲ್ ಎಷ್ಟು ಗಟ್ಟಿ ಅಂತ ಹೇಳುವ 10ಡಬ್ಲ್ಯೂ30, 20ಡಬ್ಲ್ಯೂ40 ಇವುಗಳಲ್ಲಿ ನಿಮ್ಮದು ಯಾವುದು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿದೆ. ಎಷ್ಟು ಕಿಮೀಗೆ ಬದಲಿಸಬೇಕು ಅನ್ನುವುದೂ ಅಲ್ಲೇ ಇದೆ. ಟ್ರಾಫಿಕ್‌ನಲ್ಲೇ ಓಡುವ ಗಾಡಿಗೆ ನಾನು ಅದಕ್ಕಿಂತ ಸ್ವಲ್ಪ ಮುಂಚೆ ಬದಲಿಸುತ್ತೇನೆ. ನಿಂತ ಗಾಡಿಯಲ್ಲೂ ಇಂಜಿನ್ ತಿರುಗುತ್ತಿರುತ್ತದೆ, ಕಿಮೀ ಮಾತ್ರ ಏರುವುದಿಲ್ಲ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲಿ. ಒಮ್ಮೆ ಒಂದು ಕಡೆ ಬಿಲ್ಲಿನಲ್ಲಿ ಹೊಸ ಆಯಿಲ್ ಬರೆದು, ಗಾಡಿಯಲ್ಲಿ ಹಳೆಯದನ್ನೇ ಬಿಟ್ಟಿದ್ದರು. ಮನೆಗೆ ಬಂದು ನೋಡಿದರೆ ಕಪ್ಪಗೆ ಡಾಂಬರಿನಂತಿತ್ತು. ಅಂದಿನಿಂದ ಡಬ್ಬಿ ನನ್ನ ಕಣ್ಣೆದುರೇ ಒಡೆಸುತ್ತೇನೆ. ಬಿಡಿಭಾಗ ನಾನೇ ನಾನಾ ಪೇಠೆಯಿಂದ ತರುತ್ತೇನೆ. ಅಲ್ಲಿ ಟೂ ವೀಲರ್ ಸ್ಪೇರ್ ಅಂಗಡಿಗಳೇ ಸಾಲಾಗಿ ಇವೆ.

ಚೈನ್ ಕಟ ಕಟ ಅಂತಿದೆ. ಬಿಗಿ ಮಾಡಿಸಿದರೆ ಸಾಕಾ?

ಮೊದಲು ತೊಳೆಯಬೇಕು. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಹಳೆ ಬ್ರಷ್. ಪೆಟ್ರೋಲ್ ಬೇಡ, ಚೈನಿನ ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತದೆ. ಒರೆಸಿ, ಒಣಗಿದ ಮೇಲೆ ಲ್ಯೂಬ್ ಅಥವಾ 90 ನಂಬರ್ ಗೇರ್ ಆಯಿಲ್ ಹಚ್ಚಿ. ಪೂರ್ತಿ ಕವರ್ ಇಲ್ಲದ ಚೈನ್ ಆದರೆ ಸುಮಾರು 500 ಕಿಮೀಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ. ಇಂಜಿನ್ ಆಫ್ ಇರಬೇಕು. ಇಂಜಿನ್ ಓಡಿಸುತ್ತ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ತೀರಾ ಬಿಗಿ ಮಾಡಿಸುವುದೂ ತಪ್ಪು. ಬಹಳ ಗಾಡಿಗಳಲ್ಲಿ ಚೈನಿನ ನಡುಭಾಗ 20ರಿಂದ 30 ಮಿಮೀ ಮೇಲೆ ಕೆಳಗೆ ಆಡಬೇಕು.

ಮೊದಲು ಗಾಡಿ 60 ಮೈಲೇಜ್ ಕೊಡ್ತಿತ್ತು, ಈಗ 50ಕ್ಕೆ ಇಳಿದಿದೆ. ಎಥನಾಲ್ ಪೆಟ್ರೋಲ್‌ನಿಂದನಾ?

ಸ್ವಲ್ಪ ಪಾಲು ಅದರದ್ದೂ ಇದೆ. ಇ20 ಅಂದರೆ ಪೆಟ್ರೋಲ್‌ನಲ್ಲಿ 20% ಎಥನಾಲ್. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಡಿಮೆ. ಆದರೆ 60ರಿಂದ 50ಕ್ಕೆ ಇಳಿದಿದ್ದರೆ ಬೇರೆ ಕಾರಣವೂ ಹುಡುಕಿ. ಚಾಕಣ್, ಭೋಸರಿ ಕಡೆಯ ಧೂಳಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಟೈರ್‌ನಲ್ಲಿ ಗಾಳಿ ಕಡಿಮೆ ಇರಬಹುದು. ಗಾಡಿ ಸ್ಟ್ಯಾಂಡ್ ಹಾಕಿ ಚಕ್ರ ಕೈಯಿಂದ ತಿರುಗಿಸಿ. ತಕ್ಷಣ ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಅರ್ಧ ಕ್ಲಚ್ ಹಿಡಿದು ಓಡಿಸುವ ಅಭ್ಯಾಸವೂ ಪೆಟ್ರೋಲ್ ತಿನ್ನುತ್ತದೆ. ಅಳೆಯುವುದು ಟ್ಯಾಂಕ್ ಫುಲ್‌ನಿಂದ ಫುಲ್‌ವರೆಗೆ, ಮೂರು ಸಲ. ಒಂದು ಸಲದ ಲೆಕ್ಕ ನಂಬಬೇಡಿ.

ಎಥನಾಲ್ ಗಾಳಿಯಲ್ಲಿನ ನೀರು ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಹಳೆ ಪೆಟ್ರೋಲ್ ತೆಗೆಸುವುದು ಒಳ್ಳೆಯದು.

ಬ್ರೇಕ್ ಮೆತ್ತಗಾಗಿದೆ, ಲಿವರ್ ಹ್ಯಾಂಡಲ್‌ವರೆಗೂ ಬರ್ತಿದೆ.

ಗಾಡಿ ಇವತ್ತೇ ನಿಲ್ಲಿಸಿ. ಡಿಸ್ಕ್ ಆದರೆ ಬ್ರೇಕ್ ಆಯಿಲ್‌ನಲ್ಲಿ ಗಾಳಿ ಅಥವಾ ನೀರು ಸೇರಿರಬಹುದು, ಎಲ್ಲಾದರೂ ಸೋರುತ್ತಿರಬಹುದು. ಬ್ರೇಕ್ ಆಯಿಲ್ ನಿಧಾನಕ್ಕೆ ನೀರು ಹೀರುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡಾಟ್ 3, ಡಾಟ್ 4 ಯಾವುದು ಅಂತ ಮುಚ್ಚಳದ ಮೇಲೇ ಬರೆದಿರುತ್ತದೆ. ಪ್ಯಾಡ್ ದಪ್ಪವನ್ನೂ ಆಗಲೇ ನೋಡಿಸಿ.

## ಮಳೆ, ಘಾಟ್, ದೂರದ ದಾರಿ

ಮಳೇಲಿ ಓಡಿಸೋಕೆ ಭಯ ಆಗುತ್ತೆ. ಜೂನ್ ಬಂತು ಅಂದ್ರೆ ಎದೆ ಡವಡವ.

ಭಯ ಇರಲಿ, ಅದು ನಿಮ್ಮನ್ನು ಕಾಯುತ್ತದೆ. 2012ರ ಜೂನ್‌ನಲ್ಲಿ, ವರ್ಷದ ಮೊದಲ ಮಳೆಯ ದಿನ, ನಾನು ಕರ್ವೆ ರಸ್ತೆಯಲ್ಲಿ ಬಿದ್ದೆ. ಎದುರು ಒಬ್ಬರು ರಸ್ತೆ ದಾಟಿದರು. ಜೀಬ್ರಾ ಪಟ್ಟಿಯ ಬಿಳಿ ಬಣ್ಣದ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಬಲಗೈ ಮಣಿಕಟ್ಟು ಮುರಿಯಿತು. ಮುಂದಿನ ಟೈರ್ ಸವೆದಿದ್ದು ನನಗೆ ಗೊತ್ತಿತ್ತು. ಸಂಬಳ ಬರಲಿ ಅಂತ ತಳ್ಳಿದ್ದೆ. ಟೈರ್ ಬಗ್ಗೆ ನಾನು ಇಷ್ಟು ಹೇಳುವುದು ಅದಕ್ಕೇ.

ಮೊದಲ ಮಳೆಯಲ್ಲಿ ಬೇಸಿಗೆಯಿಡೀ ರಸ್ತೆಗೆ ಬಿದ್ದ ಎಣ್ಣೆ ಮೇಲೆದ್ದು ಬರುತ್ತದೆ. ಜೋರು ಮಳೆ ಸುರಿದು ಅದು ತೊಳೆದುಹೋಗುವವರೆಗೆ ಒಂದು ಕಡೆ ನಿಂತು ಚಹಾ ಕುಡಿಯಿರಿ. ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕೆಲಸದ ಕಬ್ಬಿಣದ ತಗಡು, ಇವುಗಳ ಮೇಲೆ ಬ್ರೇಕ್ ಬೇಡ, ವಾಲುವುದೂ ಬೇಡ. ನೇರವಾಗಿ ದಾಟಿ. ಎರಡೂ ಬ್ರೇಕ್ ಒಟ್ಟಿಗೆ, ನಿಂಬೆಹಣ್ಣು ಹಿಂಡುವ ಹಾಗೆ ನಿಧಾನಕ್ಕೆ ಬಿಗಿ ಮಾಡುತ್ತ ಹೋಗಿ. ನೀರು ನಿಂತ ಕಡೆ ತಗ್ಗು ಎಷ್ಟಿದೆ ಕಾಣುವುದಿಲ್ಲ. ಮುಂದಿನ ಗಾಡಿ ಹೋದ ಜಾಡಿನಲ್ಲೇ ಹೋಗಿ.

ರೇನ್‌ಕೋಟ್ ಪ್ಯಾಂಟ್ ಶರ್ಟ್ ಬೇರೆ ಬೇರೆ ಇರುವುದು ತಗೊಳ್ಳಿ. ಉದ್ದ ಕೋಟು ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ. ಕಪ್ಪು ಬಣ್ಣ ಬೇಡ, ಹಳದಿ ಅಥವಾ ಕೇಸರಿ ಇರಲಿ. ರಾತ್ರಿ ಕಪ್ಪು ವೈಸರ್ ಬೇಡವೇ ಬೇಡ.

ಅಣ್ಣ, ಬೈಕಲ್ಲಿ ಮುಂಬೈಗೆ ಹೋಗ್ಬಹುದಾ? ಎಕ್ಸ್‌ಪ್ರೆಸ್‌ವೇಲಿ ಬಿಡ್ತಾರಾ?

ಎಕ್ಸ್‌ಪ್ರೆಸ್‌ವೇನಲ್ಲಿ ಬೈಕ್‌ಗೆ ಅವಕಾಶ ಇಲ್ಲ. ಲೋಣಾವಳಾ, ಖೋಪೋಲಿ ಮೂಲಕ ಹಳೆ ಹೆದ್ದಾರಿ ಹಿಡಿಯಿರಿ. ಮುಂಬೈಯಲ್ಲಿ ಅಟಲ್ ಸೇತು, ಬಾಂದ್ರಾ ವರ್ಲಿ ಸೀ ಲಿಂಕ್ ಎರಡರಲ್ಲೂ ಬಿಡುವುದಿಲ್ಲ. ಮ್ಯಾಪ್ ಹಾಕುವಾಗ ಟೂ ವೀಲರ್ ಆಯ್ಕೆ ಒತ್ತಿಕೊಳ್ಳಿ. ಗೋವಾದಲ್ಲಿ ಬಾಡಿಗೆ ಬೈಕ್ ತಗೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತಗೊಳ್ಳಿ. ಬಿಳಿ ಪ್ಲೇಟಿನ ಖಾಸಗಿ ಗಾಡಿ ಬಾಡಿಗೆಗೆ ಕೊಡುವಂತಿಲ್ಲ.

ದೀಪಾವಳಿಗೆ ಬೈಕ್ ಮೇಲೇ ಊರಿಗೆ ಹೊಂಟೀನಿ. ಏನೇನು ತಯಾರಿ ಬೇಕು?

ಬೆಳಗಾವಿ ಸುಮಾರು 340 ಕಿಮೀ. ಸಾತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ ದಾರಿ. ವಿಜಯಪುರಕ್ಕೆ ಸೊಲ್ಲಾಪುರದ ಮೇಲೆ ಸುಮಾರು 350. ನಸುಕಿನಲ್ಲಿ ಹೊರಟು ಕತ್ತಲಾಗುವ ಮುಂಚೆ ಮುಟ್ಟುವ ಹಾಗೆ ಲೆಕ್ಕ ಹಾಕಿ. 80–100 ಕಿಮೀಗೊಮ್ಮೆ ಇಳಿದು ಓಡಾಡಿ, ನೀರು ಕುಡಿಯಿರಿ. ಸೊಲ್ಲಾಪುರ ದಾರಿ ಉದ್ದಕ್ಕೂ ನೇರ, ಮಧ್ಯಾಹ್ನ ಊಟ ಆದ ಮೇಲೆ ಕಣ್ಣು ಎಳೆಯುತ್ತದೆ. ಹೊಟ್ಟೆ ತುಂಬ ಉಣ್ಣಬೇಡಿ.

ದೀಪಾವಳಿ ಹೊತ್ತಿಗೆ ಕಬ್ಬಿನ ಕಾಲ. ಸೊಲ್ಲಾಪುರ, ಕೊಲ್ಹಾಪುರ, ಬೆಳಗಾವಿ ಕಡೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡುತ್ತವೆ. ಹಿಂದೆ ಲೈಟೂ ಇರುವುದಿಲ್ಲ, ರೇಡಿಯಂ ಪಟ್ಟಿಯೂ ಇರುವುದಿಲ್ಲ. ರಾತ್ರಿ ಪ್ರಯಾಣ ಬೇಡ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಹೊರಡುವ ವಾರದ ಮುಂಚೆ ಸರ್ವೀಸ್ ಮಾಡಿಸಿ, ಹಿಂದಿನ ದಿನ ಬೇಡ. ಏನಾದರೂ ಸಡಿಲ ಬಿಟ್ಟಿದ್ದರೆ ಊರಿನೊಳಗೆ ಓಡಿಸುವಾಗಲೇ ಗೊತ್ತಾಗಲಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪು, ಒಂದು ಕ್ಲಚ್ ಕೇಬಲ್, ಫ್ಯೂಸ್, ಟಾರ್ಚ್ ಇಟ್ಟುಕೊಳ್ಳಿ. ಭಾರದ ಬ್ಯಾಗ್ ಬೆನ್ನಿಗೆ ಬೇಡ, ಸೀಟಿಗೆ ಕಟ್ಟಿ. ಕಟ್ಟಿದ ಹಗ್ಗದ ತುದಿ ನೇತಾಡಬಾರದು.

ಘಾಟ್ ಇಳಿಯುವಾಗ ಬ್ರೇಕ್ ಬಿಸಿ ಆಗುತ್ತೆ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅಂತಾರೆ, ನಿಜನಾ?

ನ್ಯೂಟ್ರಲ್ ಮಾಡಿದರೆ ಇಂಜಿನ್ ಹಿಡಿತ ತಪ್ಪಿ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಹೇಗೂ ಬಹುತೇಕ ಕಟ್ ಆಗಿರುತ್ತದೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ, ತಿರುವಿನೊಳಗೆ ಬ್ರೇಕ್ ಮೇಲೆ ಭಾರ ಹಾಕಬೇಡಿ. ವೇಗ ಎರಡು ಪಟ್ಟಾದರೆ ನಿಲ್ಲಲು ಬ್ರೇಕ್‌ಗೆ ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ.

ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ವಿಶೇಷ ಎಚ್ಚರ ಬೇಕು. ಭಾರದ ಲಾರಿಗಳ ಬ್ರೇಕ್ ಹೋಗಿ ಅಲ್ಲಿ ಎಷ್ಟೋ ಅಪಘಾತ ಆಗಿವೆ. ಲಾರಿ ಮುಂದೆ ತೂರಬೇಡಿ. ಕನ್ನಡಿ ನೋಡುತ್ತಿರಿ, ಪಕ್ಕಕ್ಕೆ ಸರಿಯಲು ಜಾಗ ಉಳಿಸಿಕೊಳ್ಳಿ.

ಅಪ್ಪನ ಯೆಜ್ಡಿ ಊರಲ್ಲಿ ಹಾಗೇ ನಿಂತಿದೆ. ಪುಣೆಗೆ ತಂದು ಓಡಿಸಬೇಕು ಅಂತ ಆಸೆ. ಸಾಧ್ಯನಾ?

ಈ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. 1961ರಿಂದ 1996ರವರೆಗೆ ನಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳು ಅವು. ಕಿಕ್ ಹೊಡೆಯುವ ಲಿವರೇ ಗೇರ್ ಹಾಕುವ ಲಿವರ್ ಕೂಡ. ನಮ್ಮ ನಾಡಿನ ಕೆಲಸಗಾರರ ಕೈಯಲ್ಲಿ ತಯಾರಾದದ್ದು.

ಮೊದಲು ಕಾಗದ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ತಪ್ಪಿದ್ದರೆ ಊರಿನ ಆರ್‌ಟಿಒದಲ್ಲೇ ಸರಿ ಮಾಡಿಸಿ, ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸಿಕೊಂಡು ತನ್ನಿ. ಇಲ್ಲಿಂದ ಓಡಾಡಿ ಮಾಡಿಸುವುದು ಕಷ್ಟ. ಮಹಾರಾಷ್ಟ್ರದಲ್ಲಿ ಹಳೆ ಗಾಡಿಗೆ ಪರಿಸರ ತೆರಿಗೆಯೂ ಇದೆ.

ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಪೆಟ್ರೋಲ್‌ಗೆ ಪ್ರತಿ ಸಲ 2ಟಿ ಆಯಿಲ್ ಬೆರೆಸಲೇಬೇಕು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಳೆ ರಬ್ಬರ್ ಪೈಪ್, ಕಾರ್ಬ್ಯುರೇಟರ್ ವಾಷರ್‌ಗಳು ಎಥನಾಲ್‌ಗೆ ಮಾಡಿದವಲ್ಲ. ಎಲ್ಲ ಹೊಸದು ಹಾಕಿಸಿ. ಅದರ ಡ್ರಮ್ ಬ್ರೇಕ್‌ಗೆ ಇಂದಿನ ಡಿಸ್ಕ್‌ನ ಹಿಡಿತ ಇಲ್ಲ, ಮುಂದಿನ ಗಾಡಿಯಿಂದ ದೂರ ಇರಿ. ಭಾನುವಾರ ಬೆಳಿಗ್ಗೆ ಓಡಿಸಿ, ದಿನದ ಕೆಲಸಕ್ಕೆ ಬೇರೆ ಗಾಡಿ ಇರಲಿ. ಮತ್ತೆ, ಅದನ್ನು ಬಲ್ಲ ಹಳೆ ಮೆಕ್ಯಾನಿಕ್ ಊರಲ್ಲೇ ಇದ್ದರೆ ಇಂಜಿನ್ ಅವರಿಂದಲೇ ಬಿಚ್ಚಿಸಿ. ಟ್ಯಾಂಕಿನ ಒಳಗಿನ ತುಕ್ಕು ತೊಳೆಸುವವರೆಗೆ ಒಂದು ಕಿಕ್ ಕೂಡ ಹೊಡೆಯಬೇಡಿ.